ಕೆಂಪು ಮಸಿಯ ತಪ್ಪು

ಹತ್ತು-ಹನ್ನೆರಡು ವರ್ಷಗಳ ಹಿಂದಿನ ಮಾತು. ಏಳನೆಯ ತರಗತಿಯ ಮಕ್ಕಳಿಗೆ ‘ನಾನು ತಿಂದ ಸ್ಯಾಂಡ್‌ವಿಚ್’ ಎಂದು ಹತ್ತು ಸಾಲು ಬರೆಯಲು ಹೇಳಿದ್ದೆ. ಕಲಬುರಗಿಯ ಮಕ್ಕಳೆಲ್ಲ ಬೇಕರಿಯದನ್ನೇ ಬರೆದರು. ಕಮಲಾಪುರದಿಂದ ದಿನಾ ಬಸ್ಸಿಗೆ ಬರುತ್ತಿದ್ದ ಹುಡುಗಿಯೊಬ್ಬಳು ಮಾತ್ರ, ಅವಳ ಅವ್ವ ಬಿಸಿ ಜೋಳದ ರೊಟ್ಟಿಯಲ್ಲಿ ಪುಂಡಿಪಲ್ಯ ಇಟ್ಟು ಮಡಚಿ ಕೊಡುವುದನ್ನೂ, ತಾನು ಬಸ್ಸಿನ ಕಂಬಿ ಹಿಡಿದು ನಿಂತೇ ಅದನ್ನು ತಿನ್ನುವುದನ್ನೂ ಬರೆದಿದ್ದಳು. ‘ಇದು ಸ್ಯಾಂಡ್‌ವಿಚ್ ಅಲ್ಲ’ ಎಂದು ಕೆಂಪು ಮಸಿಯಲ್ಲಿ ಗೀಚಿ ಹತ್ತಕ್ಕೆ ನಾಲ್ಕು ಕೊಟ್ಟೆ.

“ಯಾಕ್ರೀ ಟೀಚರ್, ಇದೂ ನಡುವ ಇಟ್ಟದ್ದ ಅಲ್ಲೇನ್ರಿ?” ಎಂದಳು.

“ಕೂಡು” ಎಂದೆ.

ಬೇಕರಿಯದನ್ನು ಹೀಗಳೆಯುವವಳಲ್ಲ ನಾನು. ಬಿ.ಇಡಿ. ಓದುವಾಗ ಗೆಳತಿಯರೊಂದಿಗೆ ಹಂಚಿಕೊಂಡು ತಿಂದ ಮುಂಬಯಿ ಮಾದರಿಯ ಸ್ಯಾಂಡ್‌ವಿಚ್ಚಿನ ರುಚಿ ಇನ್ನೂ ನಾಲಿಗೆಯ ಮೇಲಿದೆ: ಹಸಿರು ಚಟ್ನಿ, ಬೇಯಿಸಿದ ಆಲೂಗಡ್ಡೆ, ಸೌತೆಕಾಯಿ, ಬೀಟ್‌ರೂಟ್, ಉಳ್ಳಾಗಡ್ಡಿ. ಅದರ ಗುಟ್ಟು ಬೆಣ್ಣೆಯಲ್ಲಿದೆ. ಬ್ರೆಡ್ಡಿನ ಅಂಚಿನವರೆಗೂ ಸವರಿದರೆ ಸೌತೆಕಾಯಿಯ ನೀರು ಒಳಗೆ ಇಳಿಯುವುದಿಲ್ಲ. ಬೆಣ್ಣೆ ಉಳಿಸಿ ಸಾಸ್ ಸುರಿಯುವವರ ಕೈಯಲ್ಲಿ ಅದೇ ಬ್ರೆಡ್ಡು ಹತ್ತು ನಿಮಿಷಕ್ಕೆ ಒದ್ದೆ ಅರಿವೆಯಾಗುತ್ತದೆ. ಇನ್ನು ಗಾಜಿನ ಕಪಾಟಿನಲ್ಲಿ ಬೆಳಗಿನಿಂದ ಕುಳಿತ ತ್ರಿಕೋನಗಳ ಸುದ್ದಿಯೇ ಬೇಡ!

ರೊಟ್ಟಿಯ ಲೆಕ್ಕ ಬೇರೆ. ಗೋಧಿಯಲ್ಲಿರುವ ಅಂಟು ಜೋಳದಲ್ಲಿಲ್ಲ. ಅದಕ್ಕೇ ನಾವು ಕುದಿಯುವ ಎಸರು ಹಾಕಿ ನಾದುವುದು. ಬಡಿದು ಬೇಯಿಸಿದ ರೊಟ್ಟಿ ಬಿಸಿ ಇರುವವರೆಗಷ್ಟೇ ಮಡಚುತ್ತದೆ, ಆರಿದರೆ ಮುರಿಯುತ್ತದೆ. ಆದ್ದರಿಂದ ತಟ್ಟುವವಳಿಗೆ ತಿನ್ನುವವರ ಗಡಿಯಾರವೂ ಗೊತ್ತಿರಬೇಕು. ಪುಂಡಿಪಲ್ಯ ನೀರಾಗಿದ್ದರೆ ಸೋರುತ್ತದೆ. ಬೇಳೆ, ಜೋಳದ ನುಚ್ಚು ಹಾಕಿ ಗಟ್ಟಿ ಮಾಡಿದರೆ ಅದರ ಹುಳಿ ರೊಟ್ಟಿಯ ಒಳಮೈಗೆ ಮೆಲ್ಲಗೆ ಇಳಿಯುತ್ತದೆ. ಅಲ್ಲಿ ಬ್ರೆಡ್ಡನ್ನು ಪಲ್ಯದಿಂದ ಕಾಯಬೇಕು, ಇಲ್ಲಿ ಎರಡನ್ನೂ ಕೂಡಿಸಬೇಕು. ಇದು ನನಗೆ ಹೆಚ್ಚಿನ ಕೆಲಸವೆನಿಸುತ್ತದೆ. ಶೇಂಗಾ ಹಿಂಡಿಯಾದರೆ ಒಂದಿಷ್ಟು ಎಣ್ಣೆಯೋ ಕೆನೆಮೊಸರೋ ಬೇಕು, ಇಲ್ಲದಿದ್ದರೆ ಗಂಟಲಿಗೆ ಹಿಡಿಯುತ್ತದೆ.

ಸ್ಯಾಂಡ್‌ವಿಚ್ ಎಂಬುದು ಇಂಗ್ಲೆಂಡಿನ ಊರೊಂದರ ಹೆಸರು. ಅಲ್ಲಿಯ ನಾಲ್ಕನೆಯ ಅರ್ಲ್, ಜಾನ್ ಮಾಂಟೆಗು, ಇಸ್ಪೀಟು ಬಿಟ್ಟೇಳಲಾರದೆ ಬ್ರೆಡ್ಡಿನ ನಡುವೆ ಮಾಂಸ ಇಡಿಸಿಕೊಂಡು ತಿಂದನೆಂದು ಕಥೆ. ಇತಿಹಾಸಕಾರ ಗಿಬ್ಬನ್ 1762ರ ದಿನಚರಿಯಲ್ಲಿ ಈ ತಿಂಡಿಯ ಹೆಸರು ಬರೆದಿದ್ದಾನೆ. ಅರ್ಲ್ ತಿಂದದ್ದು ಇಸ್ಪೀಟಿನ ಮೇಜಿನಲ್ಲಲ್ಲ, ಕಚೇರಿಯ ಕಾಗದಗಳ ನಡುವೆ ಇರಬೇಕೆಂದು ಅವನ ಜೀವನಚರಿತ್ರೆ ಬರೆದ ರೋಜರ್ ಹೇಳುತ್ತಾರೆ. ಹೇಗಿದ್ದರೂ ಒಂದು ಕೈ ಖಾಲಿ ಇರಬೇಕಿತ್ತು, ಅಷ್ಟೇ. ಕೂಸನ್ನು ಬಗಲಲ್ಲಿಟ್ಟುಕೊಂಡು ಹೊಲದ ಬದುವಿನಲ್ಲಿ ರೊಟ್ಟಿ ಮಡಚಿ ತಿಂದ ನಮ್ಮ ಹೆಂಗಸರಿಗೂ ಬೇಕಾದದ್ದು ಅದೇ. ಅವರ ಹೆಸರನ್ನು ಯಾವ ತಿಂಡಿಗೂ ಯಾರೂ ಇಡಲಿಲ್ಲ.

ಇದು ನನಗೆ ಪುಸ್ತಕದಿಂದ ಹೊಳೆದದ್ದಲ್ಲ. 2023ರ ಮೇ 10, ವಿಧಾನಸಭೆ ಚುನಾವಣೆ. ನನಗೆ ಕಮಲಾಪುರದ ಕಡೆ ಡ್ಯೂಟಿ. ಬಿಸಿಲೋ ಬಿಸಿಲು, ಮುಂದೆ ಸಾಲು, ಎದ್ದು ಉಣ್ಣುವ ಹಾಗಿಲ್ಲ. ಅಡುಗೆಯಾಕೆ ರೊಟ್ಟಿ ಮಡಚಿ ಕಾಗದದಲ್ಲಿ ಸುತ್ತಿ, “ತಗೋರಿ ಅಕ್ಕಾರ, ಬರಕೋತನ ತಿನ್ರಿ” ಎಂದು ಎಡಗೈಗೆ ಕೊಟ್ಟಳು. ಜೊತೆಗೊಂದು ಕಮಲಾಪುರದ ಕೆಂಪು ಬಾಳೆಹಣ್ಣು. ಬಲಗೈಯಲ್ಲಿ ಪೆನ್ನು ಹಿಡಿದೇ ಕಚ್ಚಿದೆ. ಪುಂಡಿಯ ಹುಳಿ, ಬೆಳ್ಳುಳ್ಳಿಯ ಘಾಟು, ಹಲ್ಲಿಗೆ ಸಿಕ್ಕ ನುಚ್ಚು, ಆಮೇಲೆ ಸುಟ್ಟ ಜೋಳದ ವಾಸನೆ. ಹಸಿವೆಗೆ ಹಾಗನಿಸಿತೇನೋ ಎಂದು ಎರಡನೆಯದನ್ನೂ ಕೇಳಿ ತಿಂದೆ. ಅದೂ ಅಷ್ಟೇ ಚೆನ್ನಾಗಿತ್ತು.

ಸಂಜೆ ಯಂತ್ರಕ್ಕೆ ಅರಗು ಹಾಕುವಾಗ ಆ ಹುಡುಗಿಯ ನೋಟ್‌ಬುಕ್ ನೆನಪಾಯಿತು. ಅವಳೀಗ ಎಲ್ಲಿದ್ದಾಳೋ. ಸಿಕ್ಕರೆ ಹತ್ತಕ್ಕೆ ಒಂಬತ್ತು ಕೊಡುತ್ತೇನೆ. ‘ಬಸ್ಸು’ ಎಂಬುದಕ್ಕೆ ಎರಡು ಕಡೆ ಒತ್ತಕ್ಷರ ಬಿಟ್ಟಿದ್ದಳು.