ಸುಮ್ಮನಿರಬಲ್ಲ ದನಿ

2016ರ ಸೆಪ್ಟೆಂಬರ್ 25ರಂದು ಲಾಸ್ ಏಂಜಲೀಸಿನಲ್ಲಿ ಡಾಡ್ಜರ್ಸ್ ಬೇಸ್‌ಬಾಲ್ ತಂಡ ಗೆದ್ದ ಮೇಲೂ ಜನ ಎದ್ದುಹೋಗದೆ ಕಾಮೆಂಟರಿ ಬಾಕ್ಸಿನತ್ತ ಮುಖವೆತ್ತಿ ನಿಂತರು. 67 ಸೀಸನ್ ಆ ತಂಡದ ಕಾಮೆಂಟರಿ ಹೇಳಿದ ವಿನ್ ಸ್ಕಲ್ಲಿಗೆ ತವರು ಮೈದಾನದಲ್ಲಿ ಅದು ಕೊನೆಯ ದಿನ. ವಿದಾಯಕ್ಕೆ ತಾವೇ ಹಾಡಿದ ಹಾಡಿನ ರೆಕಾರ್ಡಿಂಗ್ ಕೇಳಿಸಿದರು. ನನಗದು ತುಸು ಅತಿಯೆನಿಸಿತು. ಅವರ ಹೆಚ್ಚುಗಾರಿಕೆ ಇದ್ದದ್ದು ಸುಮ್ಮನಿರುವುದರಲ್ಲಿ. 1974ರಲ್ಲಿ ಅಟ್ಲಾಂಟಾದಲ್ಲಿ ಹ್ಯಾಂಕ್ ಏರನ್ 715ನೇ ಹೋಮ್ ರನ್ ಹೊಡೆದು ಬೇಬ್ ರೂತ್ ದಾಖಲೆ ಮುರಿದಾಗ ಮೈಕನ್ನು ಜನರ ಗದ್ದಲಕ್ಕೇ ಬಿಟ್ಟುಕೊಟ್ಟರು; ಆಮೇಲಷ್ಟೇ, ಅಮೆರಿಕದ ದಕ್ಷಿಣದಲ್ಲಿ ಕಪ್ಪು ಮನುಷ್ಯನೊಬ್ಬನಿಗೆ ಜನ ಎದ್ದುನಿಂತು ಚಪ್ಪಾಳೆ ತಟ್ಟುತ್ತಿದ್ದಾರೆಂದು ನೆನಪಿಸಿದರು. (ನಮ್ಮ ಟೀವಿಯ ಕ್ರಿಕೆಟ್ ಕಾಮೆಂಟರಿಗೆ ಆ ತಾಳ್ಮೆ ಎಲ್ಲಿ?) ತಂಡ 1958ರಲ್ಲಿ ಬ್ರೂಕ್ಲಿನ್‌ನಿಂದ ವಲಸೆ ಬಂದಾಗ, ಮೈದಾನದೊಳಗೆ ಕೂತವರೂ ಟ್ರಾನ್ಸಿಸ್ಟರ್ ಹಿಡಿದು ಅವರನ್ನೇ ಕೇಳುತ್ತಿದ್ದರು.