ಸಿಂಹಾವಲೋಕನದ ಆಚೆಗೆ

ಕಪ್ಪತಗುಡ್ಡದ ಸೆರಗಿನ ಡೋಣಿಗೆ ಬಹುದೂರವಲ್ಲದ ಲಕ್ಕುಂಡಿಯಲ್ಲಿ ಅತ್ತಿಮಬ್ಬೆ ಕಟ್ಟಿಸಿದ ಬ್ರಹ್ಮಜಿನಾಲಯ ಇಂದಿಗೂ ನಿಂತಿದೆ. ಆಕೆಯ ಆಶ್ರಯದಲ್ಲಿ ರನ್ನನು ಕ್ರಿ.ಶ. 993ರಲ್ಲಿ ‘ಅಜಿತಪುರಾಣ’ವನ್ನು ರಚಿಸಿದನು. ಅದನ್ನು ಆತನ ‘ಗದಾಯುದ್ಧ’ದೊಡನೆ ಇಟ್ಟು ಓದಿದಾಗ, ಕಳೆದುಹೋದುದರೊಡನೆ ಮನುಷ್ಯನು ಹೇಗೆ ಬಾಳಬೇಕೆಂಬ ಪ್ರಶ್ನೆ ಎದುರಾಗುತ್ತದೆ.

‘ಗದಾಯುದ್ಧ’ದ ಕಥನಕ್ರಮವೇ ಸಿಂಹಾವಲೋಕನ. ರಣರಂಗದಲ್ಲಿ ದ್ರೋಣ, ದುಶ್ಶಾಸನ, ಕರ್ಣರ ಕಳೇಬರಗಳ ಮುಂದೆ ದುರ್ಯೋಧನನು ಮರುಗುತ್ತಾನೆ. ಶತ್ರುಪುತ್ರ ಅಭಿಮನ್ಯುವನ್ನೂ ಮೆಚ್ಚುವಷ್ಟು ಆತನ ಹೃದಯ ತೆರೆಯುತ್ತದೆ; ಆದರೆ ಭೀಷ್ಮನು ಸಂಧಿಯ ಮಾತೆತ್ತಿದೊಡನೆ ಮುಚ್ಚಿಕೊಳ್ಳುತ್ತದೆ. ಸತ್ತವರ ಋಣವೇ ಆತನ ಸಂಕೋಲೆ.

‘ಅಜಿತಪುರಾಣ’ದ ಅತ್ತಿಮಬ್ಬೆ ಬೇರೆ ದಾರಿ ಹಿಡಿದವಳು. ಪತಿ ನಾಗದೇವನು ಮಡಿದಾಗ ತಂಗಿ ಗುಂಡಮಬ್ಬೆ ಸಹಗಮನ ಮಾಡಿದಳು; ಅತ್ತಿಮಬ್ಬೆ ಮಗನಿಗಾಗಿ ಬದುಕಿದಳು, ಪೊನ್ನನ ‘ಶಾಂತಿಪುರಾಣ’ದ ಸಾವಿರ ಪ್ರತಿಗಳನ್ನು ಬರೆಯಿಸಿ ದಾನವಿತ್ತಳು.

ಕಾವ್ಯವಾಗಿ ‘ಗದಾಯುದ್ಧ’ವೇ ಮಿಗಿಲು. ಬದಲಾಗದವನ ಅಂತರಂಗದ ತುಮುಲವನ್ನು ಚಿತ್ರಿಸಿದ ಕವಿ, ಬದಲಾದವಳನ್ನು ಗುಣಸ್ತುತಿಯ ಎತ್ತರದಲ್ಲಿ ನಿಲ್ಲಿಸಿಬಿಡುತ್ತಾನೆ. ಆ ಮಾರ್ಪಾಡಿಗೆ ಆಕೆ ತೆತ್ತ ಬೆಲೆಯನ್ನು ಓದುಗರೇ ಊಹಿಸಿಕೊಳ್ಳಬೇಕು. ಇದು ಕೃತಿಯ ಕೊರತೆ.

ಆದರೂ ಆಕೆಯ ಬಾಳು ನಮ್ಮ ಮನೆಗಳಿಗೆ ಒಂದು ಮಾತು ಹೇಳುತ್ತದೆ: ಬಿಟ್ಟುಕೊಡುವುದೆಂದರೆ ಮರೆಯುವುದಲ್ಲ. ದುರ್ಯೋಧನನು ಗತವನ್ನು ಹಗೆಯಾಗಿ ಹೊತ್ತನು. ಅತ್ತಿಮಬ್ಬೆ ಅದನ್ನು ಪ್ರತಿಮಾಡಿಸಿ ಪರರಿಗೆ ಹಂಚಿದಳು.