ನಾಲ್ಕು ಜನರ ಲೆಕ್ಕಕ್ಕೆ ಸಿಗದ ಸಾರು

ಕನ್ನಡದ ಅಡುಗೆ ಪುಸ್ತಕವೊಂದು ಕೈಗೆ ಸಿಕ್ಕರೆ ನಾವು ಮೊದಲು ತೆರೆಯುವುದು ಅದರ ಕೊನೆಯ ಪುಟಗಳನ್ನು. ಮಾಂಸದಡುಗೆ ಇದ್ದರೆ ಅಲ್ಲಿಯೇ ಇರಬೇಕು. ಸಾರು, ಪಲ್ಯ, ಕೋಸಂಬರಿ, ಉಪ್ಪಿನಕಾಯಿ, ಸಿಹಿ ತಿಂಡಿ ಎಲ್ಲ ಮುಗಿದ ಮೇಲೆ ಹತ್ತೋ ಹನ್ನೆರಡೋ ಪುಟ. ಅದರಲ್ಲಿ ಮುಸ್ಲಿಮರ ಪಾಲು ಬಿರಿಯಾನಿ, ಕುರ್ಮಾ, ಕಬಾಬು. ಒಂದು ಕೆ.ಜಿ. ಮಾಂಸ, ಅರ್ಧ ಬಟ್ಟಲು ತುಪ್ಪ, ಒಂದು ಹಿಡಿ ಗೋಡಂಬಿ, ಕೇಸರಿ ಚಿಟಿಕೆ. ಕೆಳಗೆ ಒಂದು ಸಾಲು: ನಾಲ್ಕು ಜನರಿಗೆ ಸಾಕು.

ಈ ಪುಸ್ತಕವನ್ನು ಜಮಖಂಡಿಯ ಒಬ್ಬ ನೇಕಾರನ ಮನೆಗೋ, ಮುಧೋಳದ ಕಬ್ಬಿನ ಗದ್ದೆಗೆ ಕೂಲಿಗೆ ಹೋಗುವವರ ಮನೆಗೋ ಒಯ್ದು ಕೊಡಿ. ಮನೆಯವರು ನಗುತ್ತಾರೆ. ಅವರಲ್ಲಿ ಅರ್ಧ ಕೆ.ಜಿ. ಮಾಂಸ ಬಂದರೆ ಉಣ್ಣುವವರು ಎಂಟೊಂಬತ್ತು ಮಂದಿ. ಆ ಅರ್ಧ ಕೆ.ಜಿ.ಯಲ್ಲೂ ಎಲುಬೇ ಹೆಚ್ಚು, ಅದೂ ಕೇಳಿ ಹಾಕಿಸಿಕೊಂಡದ್ದು. ಆದರೂ ಊಟ ರುಚಿಯಾಗಿರುತ್ತದೆ, ಸಾಕೂ ಆಗುತ್ತದೆ. ಹೇಗೆ ಸಾಕಾಗುತ್ತದೆ ಎಂಬುದೇ ಈ ಸೀಮೆಯ ಅಡುಗೆಯ ವಿದ್ಯೆ. ನಮ್ಮ ಅಡುಗೆ ಬರಹ ಈ ವಿದ್ಯೆಯನ್ನು ಒಮ್ಮೆಯೂ ಗಂಭೀರವಾಗಿ ನೋಡಿಲ್ಲ ಎಂಬುದು ನಮ್ಮ ದೂರು.

ವಿದ್ಯೆ ಶುರುವಾಗುವುದು ಬೇಸಿಗೆಯಲ್ಲಿ, ಮಸಾಲಿ ಖಾರದಿಂದ. ಬಣ್ಣಕ್ಕೆ ಬ್ಯಾಡಗಿ ಮೆಣಸಿನಕಾಯಿ, ಖಾರಕ್ಕೆ ಗುಂಟೂರಿನದು. ಕೊತ್ತಂಬರಿ ಬೀಜ, ಜೀರಿಗೆ, ಮೆಂತ್ಯ, ಲವಂಗ, ಚಕ್ಕೆ, ಕಲ್ಲುಹೂವು ಒಂದೊಂದನ್ನೂ ಬೇರೆ ಬೇರೆಯಾಗಿ ಹುರಿಯಬೇಕು. ಒಣಕೊಬ್ಬರಿ ಕಂದಾಗಬೇಕು. ಉಳ್ಳಾಗಡ್ಡಿ ಹೆಚ್ಚಿ ಬಿಸಿಲಲ್ಲಿ ಒಣಗಿಸಿ ಎಣ್ಣೆಯಲ್ಲಿ ಕರಿಯಬೇಕು. ಎಲ್ಲವೂ ಗಿರಣಿಗೆ ಹೋಗಿ ಬಂದು, ಬಳ್ಳೊಳ್ಳಿ ಸೇರಿ, ಡಬ್ಬಿಯಲ್ಲಿ ಒತ್ತಿ ಕೂತರೆ ಮನೆಗೆ ವರ್ಷದ ಚಿಂತೆ ಇಲ್ಲ. ಕಲ್ಲುಹೂವನ್ನು ಬರಿಗೈಯಲ್ಲಿ ಮೂಸಿದರೆ ಮರದ ತೊಗಟೆಯ ವಾಸನೆ. ಬಿಸಿ ಎಣ್ಣೆಗೆ ಬಿದ್ದಾಗಲೇ ಅದರ ಬೆಲೆ ತಿಳಿಯುವುದು. ಸಾರಿಗೆ ಆ ಕಪ್ಪುಗೆಂಪು ಮೈ, ಸ್ವಲ್ಪ ಹೊಗೆಯ ಪರಿಮಳ ಬರುವುದರಲ್ಲಿ ಅದರ ಪಾಲು ದೊಡ್ಡದು.

ಇನ್ನು ಸಾರು. ಎಣ್ಣೆಯಲ್ಲಿ ಉಳ್ಳಾಗಡ್ಡಿ, ಹಸಿಶುಂಠಿ, ಬಳ್ಳೊಳ್ಳಿ ಬಾಡಿದ ಮೇಲೆ ಮಾಂಸ, ಅರಿಷಿಣ, ಉಪ್ಪು. ನೀರು ಕೂಡಲೇ ಬೇಡ. ಮಾಂಸ ತನ್ನ ನೀರನ್ನೇ ಬಿಟ್ಟುಕೊಂಡು, ಆ ನೀರು ಇಂಗಿ, ಎಣ್ಣೆ ಬಿಡುವವರೆಗೆ ಕಾಯಬೇಕು. ಬಹಳ ಜನ ಅವಸರಪಡುವುದು ಇಲ್ಲಿಯೇ. ಆಮೇಲೆ ಖಾರ, ಆಮೇಲೆ ಬಿಸಿ ನೀರು, ಆಮೇಲೆ ಸಣ್ಣ ಉರಿ. ಕೀಲಿನ ಎಲುಬು, ನಳಿ, ನರ ಇವೆಲ್ಲ ಹೊತ್ತು ಬೆಂದಾಗ ಅಂಟಿನಂಥ ಸತ್ವವೊಂದು ನೀರಿಗೆ ಇಳಿಯುತ್ತದೆ. ಮರುದಿನ ತಣ್ಣಗಾದ ಸಾರು ಹೆಪ್ಪುಗಟ್ಟಿರುವುದು ಅದರಿಂದಲೇ. ತುಂಡು ಕಡಿಮೆ ಇದ್ದರೂ ಸಾರು ತುಟಿಗೆ ಅಂಟುವಂತಿರುತ್ತದೆ. ಪುಸ್ತಕಗಳು ಕೊಡುವ ‘ಎಲುಬಿಲ್ಲದ ಮಾಂಸ’ದಿಂದ ಈ ಗುಣ ಬರುವುದಿಲ್ಲ. ಅದಕ್ಕೇ ಅವು ಗೋಡಂಬಿ ಅರೆದು ಹಾಕಲು ಹೇಳುತ್ತವೆ.

ಮಾಂಸಕ್ಕೆ ಜೊತೆ ಕೊಡುವುದು ಇನ್ನೊಂದು ದಾರಿ. ಹುಳಿಯಾದ ಪುಂಡಿಪಲ್ಯ ಕೊಬ್ಬಿನ ಜಿಡ್ಡನ್ನು ಕಡಿಯುತ್ತದೆ. ದಖನಿ ಮಾತಾಡುವ ಮನೆಗಳಲ್ಲಿ ಇದೇ ಅಂಬಾಡಾ ಗೋಷ್ತ್. ಬೇಳೆ, ಸೋರೆಕಾಯಿ, ನಾಲ್ಕು ಎಲುಬು ಸೇರಿದರೆ ದಾಲ್ಚಾ. ಮೆಂತ್ಯದ ಸೊಪ್ಪಿನ ಜೊತೆ ಖೀಮಾ. ಇವನ್ನು ಬಡತನದ ಅಡುಗೆ ಎಂದು ಕರೆಯುವವರಿದ್ದಾರೆ. ಬಡತನ ಕಲಿಸಿದ್ದು ನಿಜ. ಆದರೆ ಕೈಯಲ್ಲಿ ದುಡ್ಡು ಆಡತೊಡಗಿದ ಮನೆಗಳೂ ಇವನ್ನು ಬಿಟ್ಟಿಲ್ಲ. ರುಚಿ ಇಲ್ಲದಿದ್ದರೆ ಬಿಡುತ್ತಿದ್ದರು.

ನಾವು ಕಂಡ ಒಂದು ನದಾಫರ ಮನೆಯಲ್ಲಿ, ಅಂದರೆ ಕನ್ನಡವೇ ಮನೆಮಾತಾದ ಮುಸ್ಲಿಮರ ಮನೆಯಲ್ಲಿ, ಹೊಸದಾಗಿ ಬಂದ ಸೊಸೆ ನೋಟುಪುಸ್ತಕ ಹಿಡಿದು ಅತ್ತೆಯ ಅಡುಗೆಯನ್ನು ಬರೆದುಕೊಳ್ಳುತ್ತಿದ್ದಳು. ಬಿ.ಎ. ಓದಿದ ಹುಡುಗಿ.

“ಅತ್ತಿ, ಖಾರ ಎಷ್ಟ ಹಾಕ್ಲಿ?”

“ಸಾರು ಕೆಂಪಾಗೂ ಅಷ್ಟ ಹಾಕವಾ.”

“ನೀರು?”

“ಎಷ್ಟ ಮಂದಿ ಉಣ್ಣಾವ್ರದಾರ ಮದಲ ಹೇಳು.”

ಹುಡುಗಿ ಆ ಜಾಗವನ್ನು ಖಾಲಿ ಬಿಟ್ಟಳು. ಅಡುಗೆ ಪುಸ್ತಕದ ಲೆಕ್ಕ ಮಾಂಸದಿಂದ ಹೊರಟು ಜನರ ಕಡೆಗೆ ಬರುತ್ತದೆ. ಅತ್ತೆಯ ಲೆಕ್ಕ ಜನರಿಂದ ಹೊರಡುತ್ತದೆ. ಸಾರು ಮಾಡುವಾಗ ನೀರು ಹೆಚ್ಚು ಹಾಕಿ ನೆರೆಯವರಿಗೂ ಕೊಡು ಎಂದು ಪ್ರವಾದಿ ಮುಹಮ್ಮದ್(ಸ) ಅವರು ಅಬೂದರ್(ರ) ಅವರಿಗೆ ಹೇಳಿದ ವಚನ ಸಹೀಹ್ ಮುಸ್ಲಿಮ್‌ನಲ್ಲಿದೆ. ನೆರೆಹೊರೆಯ ಹಕ್ಕಿನ ಬಗ್ಗೆ ಉಪದೇಶವಾಗಿ ಇದನ್ನು ನಾವು ಎಷ್ಟೋ ಸಲ ಕೇಳಿದ್ದೇವೆ. ಅದರೊಳಗೆ ಅಡುಗೆಯ ತಿಳಿವಳಿಕೆಯೂ ಇದೆ ಎಂಬುದನ್ನು ಗಮನಿಸಿದ್ದು ಕಡಿಮೆ. ಮಾಂಸ ಹೆಚ್ಚು ಹಾಕು ಎಂದು ಅಲ್ಲಿ ಹೇಳಿಲ್ಲ, ನೀರು ಹೆಚ್ಚು ಹಾಕು ಎಂದಿದೆ. ನೀರು ಹೆಚ್ಚಿದರೂ ಸಪ್ಪೆಯಾಗದ ಸಾರನ್ನು ಮಾಡಬಲ್ಲವರಿಗೆ ಮಾತ್ರ ಆ ಮಾತು ನಡೆಸಲು ಸುಲಭ.

ಹಾಗೆಯೇ ‘ಸರೀದ್’. ರೊಟ್ಟಿ ಮುರಿದು ಮಾಂಸದ ಸಾರಿನಲ್ಲಿ ನೆನೆಸಿದ ಅರಬರ ಊಟ ಅದು. ಹಝ್ರತ್ ಆಯಿಶಾ(ರ) ಅವರ ಹಿರಿಮೆಯನ್ನು ಹೇಳಲು ಪ್ರವಾದಿ(ಸ)ಯವರು ಸರೀದ್‌ನ ಹೋಲಿಕೆ ಕೊಟ್ಟದ್ದು ಹದೀಸಿನಲ್ಲಿದೆ. ಕಟಕ್ ರೊಟ್ಟಿಯನ್ನು ತಾಟಿನಲ್ಲಿ ಪುಡಿಮಾಡಿ ಮೇಲೆ ಬಿಸಿ ಸಾರು ಸುರಿದುಕೊಳ್ಳುವ ಜಮಖಂಡಿಯ ಅಜ್ಜನಿಗೆ ಈ ಹೆಸರು ಗೊತ್ತಿರಲಿಕ್ಕಿಲ್ಲ. ಅವನ ತಾಟಿನಲ್ಲಿರುವುದು ಜೋಳದ ಸರೀದ್. ಬಿರಿಯಾನಿಯೇ ಮುಸ್ಲಿಮರ ಊಟ ಎನ್ನುವವರಿಗೆ, ಮುಸ್ಲಿಮರೂ ಸೇರಿ, ಈ ತಾಟು ಕಾಣುವುದಿಲ್ಲ.

ಬಿಜಾಪುರ ಸೀಮೆಯ ಈ ಸಾರು ಮುಸ್ಲಿಮರದಷ್ಟೇ ಅಲ್ಲ. 1948ರವರೆಗೆ ಜಮಖಂಡಿ ಪಟವರ್ಧನರ ಸಂಸ್ಥಾನ. ಮರಾಠಿ ಪ್ರಭಾವ ಇಲ್ಲಿಗೆ ಹೊಸದಲ್ಲ, ಕೊಲ್ಲಾಪುರದ ರಸ್ಸಾ ದೂರದ್ದಲ್ಲ. ಹುಬ್ಬಳ್ಳಿ, ಗದಗದ ಸಾವಜಿ ಖಾನಾವಳಿಗಳು ಮನೆಯ ಖಾರದ ಅಡುಗೆಯನ್ನೇ ಹೊರಗಿನವರಿಗೆ ಬಡಿಸಿ ಹೆಸರಾದವು. ಸಾರಿಗೆ ಜಾತಿಯಿಲ್ಲ ಎಂದುಬಿಡುವಷ್ಟು ಮುಗ್ಧರು ನಾವಲ್ಲ. ಆದರೆ ಖಾರದ ಡಬ್ಬಿಗಳು ಪರಸ್ಪರ ಅಪರಿಚಿತವಲ್ಲ.

ಮಾಂಸದ ಅಡುಗೆ ಕನ್ನಡ ನಾಡಿಗೆ ಮುಸ್ಲಿಮರೊಂದಿಗೆ ಬಂತು ಎಂಬ ಮಾತನ್ನು ಕೇಳಿ ಕೇಳಿ ಸಾಕಾಗಿದೆ. ಕಲ್ಯಾಣ ಚಾಲುಕ್ಯರ ದೊರೆ ಮೂರನೆಯ ಸೋಮೇಶ್ವರ 1129ರ ಸುಮಾರಿಗೆ ರಚಿಸಿದ ‘ಮಾನಸೋಲ್ಲಾಸ’ದ ಅನ್ನಭೋಗ ಭಾಗವನ್ನು ನೋಡಬೇಕು. ಸುಟ್ಟ ಮಾಂಸ, ಹುರಿದ ಯಕೃತ್ತು, ತುಂಬಿ ಬೇಯಿಸಿದ ಕರುಳು, ಮೀನು, ಆಮೆ ಎಲ್ಲ ಅಲ್ಲಿವೆ. ಹೊಲದ ಇಲಿಯೂ ಇದೆ. ಆಗಿನ್ನೂ ಬಹಮನಿಗಳಿಲ್ಲ, ಆದಿಲ್‌ಶಾಹಿಗಳಿಲ್ಲ. ಮೆಣಸಿನಕಾಯಿಯೂ ಇಲ್ಲ, ಅದು ಪೋರ್ಚುಗೀಸರು ಬಂದ ಮೇಲಿನದು. ಆದರೆ ದೊರೆ ಬರೆದದ್ದು ಸಂಸ್ಕೃತದಲ್ಲಿ. ಕನ್ನಡದ ಹಳೆಯ ಪಾಕಗ್ರಂಥವೆಂದು ನಾವು ಹೆಮ್ಮೆಪಡುವ ಮೂರನೆಯ ಮಂಗರಸನ ‘ಸೂಪಶಾಸ್ತ್ರ’, 1508ರ ಸುಮಾರಿನದು. ಅದು ಜೈನ ಕವಿಯ ಕೃತಿ, ಸಹಜವಾಗಿಯೇ ಶಾಕಾಹಾರದ್ದು. ಮಂಗರಸನದೇನೂ ತಪ್ಪಿಲ್ಲ, ತನ್ನ ಮನೆಯ ಅಡುಗೆಯನ್ನು ಅವನು ಸೊಗಸಾಗಿ ಬರೆದ. ನಮ್ಮ ಆಕ್ಷೇಪವಿರುವುದು ಐನೂರು ವರ್ಷದ ನಂತರವೂ ‘ಕನ್ನಡದ ಅಡುಗೆ’ ಎಂದರೆ ಆ ಮನೆ ಒಂದೇ ಎಂದು ತಿಳಿದವರ ಬಗ್ಗೆ.

2024ರ ಡಿಸೆಂಬರಿನಲ್ಲಿ ಮಂಡ್ಯದ 87ನೆಯ ಸಾಹಿತ್ಯ ಸಮ್ಮೇಳನಕ್ಕೆ ಮೊದಲು ಹೊರಟ ಸೂಚನೆಯಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕಿನ ಸಾಲಿನಲ್ಲಿ ನಿಲ್ಲಿಸಿ ನಿಷೇಧಿಸಲಾಗಿತ್ತು. ಮಂಡ್ಯದ ಜನ ಬಾಡೂಟ ಬೇಕೆಂದು ಹೋರಾಟಕ್ಕೆ ಇಳಿದರು. ಸಮ್ಮೇಳನದಲ್ಲಿ ಮಾಂಸ ತಿನ್ನಲೇಬೇಕೆಂಬ ಹಟ ನಮಗಿಲ್ಲ. ಆದರೆ ಆ ಸಾಲನ್ನು ಬರೆದ ಕೈಗೆ ಏನೂ ಅನಿಸಲಿಲ್ಲವಲ್ಲ! ಮದ್ಯ ನಮಗೂ ನಿಷಿದ್ಧ. ನಮ್ಮ ತಾಯಂದಿರು ಶುಕ್ರವಾರ ಒಲೆಯ ಮೇಲಿಟ್ಟ ಬೋಗುಣಿಯನ್ನು ಅದರ ಪಕ್ಕದಲ್ಲಿ ಇಟ್ಟು ನೋಡುವುದು ಹೇಗೆ?

ಈ ನಡುವೆ ಬೋಗುಣಿಯೊಳಗಿನದೂ ಬದಲಾಗಿದೆ. 1964ರ ಕಾಯ್ದೆಯಲ್ಲಿ ಹನ್ನೆರಡು ವರ್ಷ ದಾಟಿದ ಎತ್ತು, ಎಮ್ಮೆ, ಕೋಣಗಳಿಗೆ ಅನುಮತಿಯ ದಾರಿಯಿತ್ತು. 2020ರ ಕಾಯ್ದೆ ಹದಿಮೂರು ವರ್ಷ ಮೀರಿದ ಎಮ್ಮೆ, ಕೋಣಗಳನ್ನು ಮಾತ್ರ ಉಳಿಸಿತು. ಬಡವರ ಅಗ್ಗದ ಮಾಂಸ ಕಡಿಮೆಯಾಯಿತು. ಆಡಿನ ಮಾಂಸ ಕೈಗೆಟುಕದಷ್ಟು ತುಟ್ಟಿ. ಉಳಿದದ್ದು ಬ್ರಾಯ್ಲರ್ ಕೋಳಿ. ಅದು ಇಪ್ಪತ್ತು ನಿಮಿಷದಲ್ಲಿ ಬೇಯುತ್ತದೆ, ಅದರ ಮೆತ್ತನೆಯ ಎಲುಬಿನಿಂದ ಅಂಥ ಸಾರು ಹುಟ್ಟುವುದಿಲ್ಲ. ಆ ಕೊರತೆಯನ್ನು ತುಂಬಲು ಎಣ್ಣೆ, ಪ್ಯಾಕೆಟ್ ಮಸಾಲೆ, ಕೆಂಪು ಬಣ್ಣ. ಮೊಬೈಲಿನಲ್ಲಿ ನೋಡಿ ಕಲಿತ ಮಕ್ಕಳು ಅದನ್ನು ‘ಗ್ರೇವಿ’ ಎನ್ನುತ್ತಾರೆ. ಅವರನ್ನು ಬೈಯುವುದಿಲ್ಲ. ಹೊತ್ತು ಬೇಯಿಸುವ ವಿದ್ಯೆಯನ್ನು ಯಾವ ಮಾಂಸದ ಮೇಲೆ ಕಲಿಯಬೇಕು ಅವರು?

ಹೊರಗಿನವರನ್ನೇ ದೂರುತ್ತ ಕೂತರೆ ಅರ್ಧ ಸತ್ಯವಾದೀತು. ನಮ್ಮ ಮದುವೆಗಳಲ್ಲಿ ಬಿರಿಯಾನಿ ತಾಟಿನಲ್ಲಿ ಉಳಿದು ಗುಂಡಿಗೆ ಹೋಗುತ್ತದೆ. ಪುಂಡಿಪಲ್ಯದ ಮಾಂಸವನ್ನು ಬೀಗರ ಮುಂದಿಡಲು ನಾವೇ ನಾಚುತ್ತೇವೆ. ಅದಕ್ಕಿಂತ ಕೆಟ್ಟದ್ದು ಮನೆಯೊಳಗಿದೆ. ಗಂಡಸರು ಉಂಡರು, ಮಕ್ಕಳು ಉಂಡರು, ಅತಿಥಿ ಬಂದರೆ ಅತಿಥಿಯೂ ಉಂಡ. ಮಾಡಿದವಳು ಬೋಗುಣಿ ಓರೆ ಮಾಡಿದಾಗ ತುಂಡು ಮುಗಿದಿರುತ್ತದೆ. ತಳದ ಸಾರಿಗೆ ರೊಟ್ಟಿ ಮುರಿದು ಹಾಕಿಕೊಂಡು, ಇದೇ ರುಚಿ, ತಳದಾಗ ಖಾರ ಕೂತಿರತೈತಿ ಎನ್ನುತ್ತಾಳೆ. ನಾವೂ ಎಷ್ಟೋ ವರ್ಷ ಅದನ್ನು ನಂಬಿದೆವು. ಆ ನೋಟುಪುಸ್ತಕದ ಸೊಸೆ ಒಂದು ಶುಕ್ರವಾರ, ಬಡಿಸುವ ಮೊದಲೇ, ಒಂದು ಬಟ್ಟಲಿಗೆ ಎರಡು ತುಂಡು ಮತ್ತು ಒಂದು ನಳಿ ಎತ್ತಿ ಮುಚ್ಚಿಟ್ಟಳು. ಯಾರಿಗೆ ಎಂದು ಮಾವ ಕೇಳಿದರು. “ಅತ್ತಿಗ್ರಿ” ಎಂದಳು.